ನೆಲ ಕೇಳಿದ ಸೈಕಲ್: ಗ್ರ್ಯಾವೆಲ್ ಎಂಬ ಹೊಸ ತಳಿಯ ಹಳೇ ಕತೆ

ಟಾರು ರಸ್ತೆಗಿಂತ ಸೈಕಲ್ಲೇ ಹಿರಿಯ. ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಮರದ ಚಕ್ರಗಳ ನಡುವೆ ಕೂತು, ಕಾಲಿನಿಂದ ನೆಲ ಒದೆಯುತ್ತ ಸವಾರಿ ಹೊರಟಿದ್ದು 1817ರಲ್ಲಿ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ ಹಿಂದಿನ ಚಕ್ರಕ್ಕೆ ಚೈನ್ ಕೊಟ್ಟು, ಎರಡೂ ಚಕ್ರಗಳನ್ನು ಹೆಚ್ಚುಕಮ್ಮಿ ಒಂದೇ ಅಳತೆಗೆ ತಂದು ‘ರೋವರ್’ ಸೈಕಲ್ ಮಾಡಿದ್ದು 1885ರಲ್ಲಿ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಎಡ್ಗರ್ ಹೂಲಿ ಟಾರ್‌ಮ್ಯಾಕ್‌ಗೆ ಪೇಟೆಂಟ್ ತೆಗೆದುಕೊಂಡಿದ್ದು ಇಷ್ಟೆಲ್ಲ ಆದ ಮೇಲೆ, 1902ರಲ್ಲಿ.

ಅಂದರೆ ಸೈಕಲ್ ತನ್ನ ಬಾಲ್ಯವನ್ನೆಲ್ಲ ಮಣ್ಣಿನಲ್ಲೂ ಜಲ್ಲಿಯಲ್ಲೂ ಕಳೆಯಿತು. ಆಗಿನ ಪ್ರತಿಯೊಂದು ಸೈಕಲ್ಲೂ ಕಚ್ಚಾ ರಸ್ತೆಯ ಸೈಕಲ್ಲೇ. ಹೀಗಿರುವಾಗ 2010ರ ದಶಕದಲ್ಲಿ ‘ಗ್ರ್ಯಾವೆಲ್ ಸೈಕಲ್’ ಎಂಬುದು ಹೊಚ್ಚಹೊಸ ತಳಿಯಾಗಿ ಅಂಗಡಿಗೆ ಬಂದದ್ದು ಹೇಗೆ? ನೋಡಲು ರೇಸಿಂಗ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಆದರೆ ಟೈರು ಹೆಬ್ಬೆರಳಿಗಿಂತ ದಪ್ಪ, ಚಕ್ರದ ನಡುವೆ ಡಿಸ್ಕ್ ಬ್ರೇಕ್. ಈ ಮಿಶ್ರತಳಿಯ ಹುಟ್ಟನ್ನು ಹುಡುಕುತ್ತ ಹೋದರೆ ಸೈಕಲ್ಲಿನ ಜಾತಿಗಳೆಲ್ಲ ಹುಟ್ಟುವ ಬಗೆಯೇ ಸಿಕ್ಕಿಬಿಡುತ್ತದೆ. ನೆಲ ಒಂದನ್ನು ಬೇಡುತ್ತದೆ, ಸ್ಪರ್ಧೆಯ ನಿಯಮ ಇನ್ನೊಂದನ್ನು ತಡೆಯುತ್ತದೆ, ಎಲ್ಲಿಂದಲೋ ಬಂದ ಒಂದು ಬಿಡಿಭಾಗ ಮೂರನೆಯದಕ್ಕೆ ದಾರಿ ಬಿಡುತ್ತದೆ. ಈ ಮೂರೂ ಕೂಡಿದಲ್ಲಿ ಹೊಸ ಸೈಕಲ್ ಹುಟ್ಟುತ್ತದೆ.

ರಸ್ತೆ ನುಣುಪಾಯಿತು, ಟೈರು ತೆಳುವಾಯಿತು

ಒಳ್ಳೆಯ ರಸ್ತೆ ಬೇಕೆಂದು ಅಮೆರಿಕದಲ್ಲಿ ಮೊದಲು ಗಲಾಟೆ ಎಬ್ಬಿಸಿದವರಲ್ಲಿ ಸೈಕಲ್ ಸವಾರರೇ ಮುಂದಿದ್ದರು. 1880ರಲ್ಲಿ ಹುಟ್ಟಿದ ‘ಲೀಗ್ ಆಫ್ ಅಮೆರಿಕನ್ ವೀಲ್‌ಮನ್’ ಸಂಘ 1892ರಲ್ಲಿ ‘ಗುಡ್ ರೋಡ್ಸ್’ ಎಂಬ ಪತ್ರಿಕೆಯನ್ನೇ ಹೊರಡಿಸಿತು. ಮರುವರ್ಷ ಅಲ್ಲಿನ ಕೇಂದ್ರ ಸರ್ಕಾರ ರಸ್ತೆ ವಿಚಾರಣೆಗೆಂದು ಕಚೇರಿ ತೆರೆಯಿತು. ಸೈಕಲ್ಲಿನವರು ಕೇಳಿ ಪಡೆದ ರಸ್ತೆಯನ್ನು ಮುಂದೆ ಮೋಟಾರಿನವರು ಆಕ್ರಮಿಸಿಕೊಂಡದ್ದು ಬೇರೆ ಕತೆ.

ಯುರೋಪಿನಲ್ಲಿ ರೇಸಿನ ಸೈಕಲ್ ಕೂಡ ಬಹುಕಾಲ ಮಣ್ಣಿನದೇ ಆಗಿತ್ತು. 1903ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್ 1910ರಲ್ಲಿ ಪಿರೆನೀಸ್ ಪರ್ವತ ಹತ್ತಿದಾಗ ಅಲ್ಲಿದ್ದದ್ದು ಕಲ್ಲು ಮಣ್ಣಿನ ಹಾದಿ. 1913ರಲ್ಲಿ ಯುಜೀನ್ ಕ್ರಿಸ್ತೋಫ್ ಎಂಬ ಸ್ಪರ್ಧಿಯ ಫೋರ್ಕ್ ಟೂರ್ಮಲೆ ಘಟ್ಟದ ಇಳಿಜಾರಿನಲ್ಲಿ ಮುರಿಯಿತು. ಸೈಕಲ್ಲನ್ನು ಹೆಗಲಿಗೇರಿಸಿ ಗಂಟೆಗಟ್ಟಲೆ ನಡೆದು, ಕೆಳಗಿನ ಹಳ್ಳಿಯ ಕಮ್ಮಾರಸಾಲೆಯಲ್ಲಿ ತಾನೇ ಬೆಸೆದುಕೊಂಡ. ತಿದಿ ಒತ್ತಲು ಒಬ್ಬ ಹುಡುಗನ ನೆರವು ಪಡೆದದ್ದಕ್ಕೆ ದಂಡವನ್ನೂ ತೆತ್ತ. ಅಂಥ ಹಾದಿಗೆ ಗಟ್ಟಿ ಸೈಕಲ್ಲೇ ಬೇಕಿತ್ತು.

ಟಾರು ಹರಡಿದಂತೆ ಆ ಗಟ್ಟಿತನ ಅನಗತ್ಯವಾಯಿತು. ರೇಸಿನ ಟೈರು ವರ್ಷವರ್ಷಕ್ಕೂ ಸಣ್ಣದಾಗುತ್ತ 23 ಮಿ.ಮೀ.ಗೆ, ಕೆಲವೆಡೆ ಅದಕ್ಕೂ ಕೆಳಗೆ ಇಳಿಯಿತು. ಟೈರಿಗೂ ಫ್ರೇಮಿಗೂ ನಡುವಿನ ಸಂದು ಬೆರಳು ತೂರದಷ್ಟಾಯಿತು. ಸೈಕಲ್ ಹಗುರವಾಯಿತು, ವೇಗವೂ ಹೆಚ್ಚಿತು. ಆದರೆ ಟಾರು ಮುಗಿದಲ್ಲಿ ಅದರ ಆಟವೂ ಮುಗಿಯುತ್ತಿತ್ತು.

ನಿಯಮದ ಕತ್ತರಿ

ಜಾತಿ ಬೇರ್ಪಡಲು ರಸ್ತೆಯಷ್ಟೇ ಕಾರಣವಲ್ಲ, ನಿಯಮಗಳೂ ಕಾರಣ. ಟೂರ್ ದ ಫ್ರಾನ್ಸಿನ ಯಜಮಾನ ಹೆನ್ರಿ ದೆಗ್ರಾಂಜ್‌ಗೆ ಗೇರು ಕಂಡರೆ ಆಗುತ್ತಿರಲಿಲ್ಲ. ಅದು ಮುದುಕರಿಗೆ ಎಂಬ ಧೋರಣೆ ಅವನದು. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್‌ಗೆ ಆ ಸ್ಪರ್ಧೆಯಲ್ಲಿ ಪ್ರವೇಶ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಎಷ್ಟೋ ಮೊದಲೇ, ಸೇಂಟ್ ಎಟಿಯೆನ್ ಊರಿನ ಪಾಲ್ ದ ವಿವಿ, ‘ವೆಲೋಸಿಯೋ’ ಎಂಬ ಹೆಸರಿನಲ್ಲಿ ಬರೆಯುತ್ತ, ದೂರ ಹೋಗುವವರಿಗೆ ಗೇರೂ ಬೇಕು, ಅಗಲದ ಟೈರೂ ಬೇಕು ಎಂದು ವಾದಿಸುತ್ತಿದ್ದ. ಅವನ ಹಾದಿಯಲ್ಲಿ ನಡೆದ ಫ್ರೆಂಚ್ ಪ್ರವಾಸಿ ಸವಾರರು ‘650ಬಿ’ ಅಳತೆಯ ಚಕ್ರಕ್ಕೆ ಸುಮಾರು 40 ಮಿ.ಮೀ. ಟೈರು ಹಾಕಿ ಬೆಟ್ಟದ ಕಚ್ಚಾ ರಸ್ತೆಗಳಲ್ಲಿ ತಿರುಗಿದರು. ಇಂದಿನ ಗ್ರ್ಯಾವೆಲ್ ಸೈಕಲ್ಲಿಗೆ ಮುತ್ತಾತ ಯಾರೆಂದು ಕೇಳಿದರೆ ಅದೇ.

1933ರಲ್ಲಿ ಫ್ರಾನ್ಸಿಸ್ ಫೋರ್ ಮಲಗಿ ತುಳಿಯುವ ಸೈಕಲ್ಲಿನಲ್ಲಿ ಒಂದು ಗಂಟೆಗೆ 45 ಕಿ.ಮೀ. ದಾಟಿ ದಾಖಲೆ ಮುರಿದ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಮರುವರ್ಷವೇ ಆ ಮಾದರಿಯನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ಫ್ರಾನ್ಸಿನಲ್ಲೇ ಹುಟ್ಟಿದ ಸೈಕ್ಲೋಕ್ರಾಸ್ ಎಂಬ ಕೆಸರುಗದ್ದೆಯ ಸ್ಪರ್ಧೆಗೆ 1950ರಿಂದ ವಿಶ್ವ ಚಾಂಪಿಯನ್‌ಶಿಪ್ ಮಟ್ಟದ ಮಾನ್ಯತೆ ಇದೆ, ಆದರೆ ಅದರಲ್ಲಿ ಟೈರು 33 ಮಿ.ಮೀ. ಮೀರುವಂತಿಲ್ಲ. ಆಟದ ಸ್ವರೂಪ ಕಾಯಲು ಮಾಡಿದ ಇಂಥ ನಿಯಮಗಳು ಸೈಕಲ್ಲಿನ ಸ್ವರೂಪವನ್ನೂ ಕಟ್ಟಿಹಾಕಿದವು. ತಯಾರಕರು ಮಾರುವುದು ರೇಸಿನಲ್ಲಿ ಗೆದ್ದ ಮಾದರಿಯನ್ನೇ ತಾನೆ! ಹಾಗಾಗಿ ಎಂದೂ ರೇಸಿಗೆ ಹೋಗದ ಸಾಮಾನ್ಯ ಸವಾರನ ಟೈರೂ ಸಣ್ಣಗಾಯಿತು.

ಬೆಟ್ಟದಿಂದ ಬಿಟ್ಟ ಹಳೇ ಸೈಕಲ್

ನಿಯಮ ಇಲ್ಲದ ಕಡೆ ಏನಾಗುತ್ತದೆ? ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ಹುಡುಗರು ತೋರಿಸಿಕೊಟ್ಟರು. ಅಲ್ಲಿ ಕಾಡ್ಗಿಚ್ಚು ನಂದಿಸುವ ವಾಹನಗಳಿಗೆಂದು ಕಡಿದ ಒಂದು ಮಣ್ಣುಹಾದಿ ಇದೆ. ಸುಮಾರು 3 ಕಿ.ಮೀ. ಒಳಗೆ 400 ಮೀಟರ್ ಇಳಿಯುತ್ತದೆ. 1976ರ ಅಕ್ಟೋಬರಿನಿಂದ ಅವರು ಅಲ್ಲಿ ಒಬ್ಬೊಬ್ಬರಾಗಿ ಹಳೇ ಶ್ವಿನ್ ಸೈಕಲ್ಲುಗಳ ಮೇಲೆ ಇಳಿದು ಸಮಯ ಅಳೆಯತೊಡಗಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಕಾದು, ಹಬ್ಬಿನೊಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಲ ಇಳಿದ ಮೇಲೂ ಹೊಸ ಗ್ರೀಸ್ ತುಂಬಬೇಕು. 1977ರಲ್ಲಿ ಜೋ ಬ್ರೀಝ್ ಈ ಕೆಲಸಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಮಾರಲು ಕಂಪನಿ ತೆರೆದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ‘ಸ್ಟಂಪ್‌ಜಂಪರ್’ ಬಂದು ಮೌಂಟನ್ ಬೈಕ್ ಕಾರ್ಖಾನೆಯ ಸರಕಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಅದಕ್ಕೆ ಪದಕವೂ ಬಂತು.

ಇದರಲ್ಲಿ ಒಂದು ವಿಚಿತ್ರವಿದೆ. ಮೌಂಟನ್ ಬೈಕಿಗೆ ಮೂರು ದಶಕ 26 ಇಂಚಿನ ಚಕ್ರವೇ ಗಟ್ಟಿಯಾಯಿತಲ್ಲ, ಅದನ್ನು ಯಾವ ಎಂಜಿನಿಯರೂ ಲೆಕ್ಕ ಹಾಕಿ ಆರಿಸಿದ್ದಲ್ಲ. 1933ರಲ್ಲಿ ಶ್ವಿನ್ ಕಂಪನಿ ಹುಡುಗರ ಸೈಕಲ್ಲಿಗೆ ಹಾಕಿದ ದಪ್ಪ ಬಲೂನ್ ಟೈರು ಆ ಅಳತೆಯದ್ದಿತ್ತು. ಹಳೇ ಸಾಮಾನಿನಂಗಡಿಯಲ್ಲಿ ಸಿಕ್ಕಿದ್ದೂ ಅದೇ. ಅದೇ ಅಳತೆ ಜಗತ್ತಿಗೆಲ್ಲ ಹರಡಿತು. ದೊಡ್ಡ ಚಕ್ರ ಗುಂಡಿಯನ್ನು ಸಲೀಸಾಗಿ ದಾಟುತ್ತದೆ ಎಂಬ ಸರಳ ಜ್ಯಾಮಿತಿ ಗೆದ್ದು, ‘29 ಇಂಚು’ ಅಂಗಡಿಗೆ ಬಂದದ್ದು 2000ದ ಆಸುಪಾಸಿನಲ್ಲಿ. ಅದರ ರಿಮ್ಮಿನ ಅಳತೆ ಬೇರೇನಲ್ಲ, ರೇಸಿಂಗ್ ಸೈಕಲ್ಲಿನ ‘700ಸಿ’ಯದ್ದೇ: 622 ಮಿ.ಮೀ.

ಇದೇ ರೀತಿ ಅಲಾಸ್ಕಾದ ಹಿಮ ಮತ್ತು ನ್ಯೂ ಮೆಕ್ಸಿಕೋದ ಮರಳು ಸೇರಿ ನಾಲ್ಕಿಂಚು ಟೈರಿನ ಫ್ಯಾಟ್ ಬೈಕನ್ನು ಹುಟ್ಟಿಸಿದವು. ಮೋಟೋಕ್ರಾಸ್ ನೋಡಿ ಕುಣಿದ ಕ್ಯಾಲಿಫೋರ್ನಿಯಾದ ಮಕ್ಕಳು ಬಿಎಂಎಕ್ಸ್ ಹುಟ್ಟಿಸಿದರು. ಮೊದಲು ಮನೆಯಲ್ಲಿ ಕೂಡಿಸಿ ಕಟ್ಟಿದ ಸೈಕಲ್, ಆಮೇಲೆ ಕಾರ್ಖಾನೆ. ಇದೇ ಕ್ರಮ.

ಕಾನ್ಸಸ್‌ನ ಚಕಮಕಿ ಕಲ್ಲು

ಗ್ರ್ಯಾವೆಲ್ ಸೈಕಲ್ಲಿನ ತವರು ಅಮೆರಿಕದ ನಡುಮಧ್ಯದ ಬಯಲು. ಅಲ್ಲಿ ಜಲ್ಲಿರಸ್ತೆ ಅಷ್ಟೊಂದು ಇರಲು 1785ರ ಒಂದು ಕಾನೂನಿನಷ್ಟು ಹಳೆಯ ಕಾರಣವಿದೆ. ಆ ಕಾನೂನಿನ ಪ್ರಕಾರ ಪಶ್ಚಿಮದ ಭೂಮಿಯನ್ನು ಚೌಕ ಚೌಕವಾಗಿ ಅಳೆದರು. ಮುಂದೆ ಒಂದೊಂದು ಮೈಲಿಯ ಆ ಚೌಕಗಳ ಗಡಿಗುಂಟ ರಸ್ತೆಗಳು ಎದ್ದವು. ಮೈಲಿಗೊಂದು ಮನೆಯೂ ಇಲ್ಲದ ಕಡೆ ಟಾರು ಹಾಕುವುದು ದಂಡ. ಜಲ್ಲಿ ಸುರಿದು ಬಿಟ್ಟರು. ಇಂದಿಗೂ ಅಮೆರಿಕದ ರಸ್ತೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಟಾರು ಕಾಣದವು.

ಕಾನ್ಸಸ್ ರಾಜ್ಯದ ಫ್ಲಿಂಟ್ ಹಿಲ್ಸ್‌ನದು ಇನ್ನೂ ವಿಶೇಷ. ಅಲ್ಲಿ ಮಣ್ಣಿನ ಪದರ ತೆಳು, ಅಗೆದರೆ ಸುಣ್ಣದಕಲ್ಲು ಮತ್ತು ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಹಾಗಾಗಿ ಎತ್ತರದ ಹುಲ್ಲುಗಾವಲು ಉಳಿಯಿತು, ದನ ಮೇಯಿಸುವವರು ಉಳಿದರು. ಶಿಲಾಯುಗದ ಮನುಷ್ಯ ಬಾಣದ ಮೊನೆ ಕೆತ್ತಿದ್ದು ಇದೇ ಜಾತಿಯ ಕಲ್ಲಿನಲ್ಲಿ. ಒಡೆದರೆ ಅಂಚು ಗಾಜಿನಷ್ಟು ಹರಿತ. ಸೈಕಲ್ ಟೈರಿನ ಪಕ್ಕೆ ಸೀಳಲು ಇದಕ್ಕಿಂತ ಒಳ್ಳೆಯ ಆಯುಧ ಬೇಕಿಲ್ಲ.

2005ರಲ್ಲಿ ಇದೇ ಬಯಲಿನ ಅಯೋವಾ ರಾಜ್ಯದಲ್ಲಿ ‘ಟ್ರಾನ್ಸ್ ಅಯೋವಾ’ ಎಂಬ ದೂರದ ಜಲ್ಲಿರಸ್ತೆ ಓಟ ಶುರುವಾಯಿತು. 2006ರಲ್ಲಿ ಕಾನ್ಸಸ್‌ನ ಎಂಪೋರಿಯಾ ಪಟ್ಟಣದಿಂದ 34 ಮಂದಿ 200 ಮೈಲಿ, ಅಂದರೆ ಸುಮಾರು 320 ಕಿ.ಮೀ. ಓಟಕ್ಕೆ ಹೊರಟರು. ಆಗ ‘ಡರ್ಟಿ ಕಾನ್ಸಾ’ ಎನಿಸಿದ್ದ ಆ ಸ್ಪರ್ಧೆ ಈಗ ‘ಅನ್‌ಬೌಂಡ್ ಗ್ರ್ಯಾವೆಲ್’. ಇಂಥದ್ದೇ ಸೈಕಲ್ ತರಬೇಕೆಂದು ಯಾರೂ ಹೇಳಿರಲಿಲ್ಲ. ಬಂದವರು ಮೌಂಟನ್ ಬೈಕ್ ತಂದರು, ಸೈಕ್ಲೋಕ್ರಾಸ್ ಸೈಕಲ್ ತಂದರು. ಮೊದಲನೆಯದು ಬಯಲ ಗಾಳಿಗೆ ಸೋತಿತು. ಎರಡನೆಯದು ಒಂದು ಗಂಟೆಯ ಆಟಕ್ಕೆ ಕಟ್ಟಿದ್ದು, ಹತ್ತು ಹದಿನೈದು ಗಂಟೆ ಕೂತರೆ ಸವಾರನ ಬೆನ್ನೇ ಹೋಯಿತು. ನಡುವಿನದೊಂದು ಬೇಕಿತ್ತು. 2012ರಲ್ಲಿ ಸಾಲ್ಸಾ ಕಂಪನಿ ಈ ಓಟಗಳನ್ನೇ ಕಣ್ಣಮುಂದಿಟ್ಟು ‘ವಾರ್‌ಬರ್ಡ್’ ಮಾಡಿತು. 2019ರಲ್ಲಿ ಶಿಮಾನೋ ಈ ಸೈಕಲ್ಲಿಗೆಂದೇ ‘ಜಿಆರ್‌ಎಕ್ಸ್’ ಗೇರು ಸೆಟ್ ತಂದಿತು. 2022ರಲ್ಲಿ ಇಟಲಿಯ ವೆನೆಟೋದಲ್ಲಿ ಯುಸಿಐ ಮೊದಲ ಗ್ರ್ಯಾವೆಲ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿತು. ಬೆಲ್ಜಿಯಮ್ಮಿನ ಜಾನಿ ವರ್ಮೀರ್ಶ್ ಮತ್ತು ಫ್ರಾನ್ಸಿನ ಪೌಲಿನ್ ಫೆರಾಂ ಪ್ರೆವೋ ಗೆದ್ದರು.

2023ರ ಅನ್‌ಬೌಂಡ್ ಓಟದಲ್ಲಿ ಮಳೆ ಬಿದ್ದು ಆರಂಭದಲ್ಲೇ ರಸ್ತೆ ಅಂಟು ಕೆಸರಾಯಿತು. ನಮ್ಮ ವಿಜಯಪುರದ ಎರೆಹೊಲದಲ್ಲಿ ಮಳೆಗಾಲದಲ್ಲಿ ಸೈಕಲ್ ನೂಕಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ: ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿ ಚಕ್ರವೇ ನಿಲ್ಲುತ್ತದೆ. ಜಗತ್ತಿನ ಘಟಾನುಘಟಿ ಸವಾರರು ಸೈಕಲ್ ಹೊತ್ತು ನಡೆದರು. ಒದ್ದೆ ಜೇಡಿಯ ಮೇಲೆ ಹಠ ಹಿಡಿದು ತುಳಿದವರ ಡಿರೇಲರ್ ಮುರಿದವು. ಟೈರಿನ ಸುತ್ತಲಿನ ಖಾಲಿ ಜಾಗ ಎಷ್ಟು ಮುಖ್ಯವೆಂದು ಆ ದಿನ ಎಲ್ಲರಿಗೂ ಮನವರಿಕೆಯಾಯಿತು.

ಅಗಲದ ಟೈರು ನಿಧಾನವೇ?

ಟೈರಿಗೆ ಕಲ್ಲಿನಂತೆ ಗಾಳಿ ಹೊಡೆದರೆ ಸೈಕಲ್ ಹಗುರ ಓಡುತ್ತದೆ ಎಂಬುದು ಎಲ್ಲ ಕಡೆಯ ನಂಬಿಕೆ. ನುಣುಪಾದ ನೆಲದಲ್ಲಿ ಅದು ಒಂದು ಮಟ್ಟಿಗೆ ನಿಜ ಕೂಡ. ಉರುಳುವ ಟೈರು ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗುತ್ತದೆ, ಮೇಲೆ ಹೋದಾಗ ಮತ್ತೆ ದುಂಡಗಾಗುತ್ತದೆ. ಚಪ್ಪಟೆಯಾಗಲು ಪಡೆದ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಹೋಗುತ್ತದೆ. ಗಾಳಿ ಹೆಚ್ಚಿದ್ದರೆ ಬಾಗುವುದು ಕಡಿಮೆ, ನಷ್ಟವೂ ಕಡಿಮೆ.

ಆದರೆ ನಷ್ಟಕ್ಕೆ ಎರಡನೆಯ ದಾರಿಯೂ ಇದೆ. ಗಟ್ಟಿ ಟೈರು ಪ್ರತಿ ಕಲ್ಲಿನ ಮೇಲೂ ಸವಾರನನ್ನು ಎತ್ತಿ ಹಾಕುತ್ತದೆ. ಮುಂದಕ್ಕೆ ಹೋಗಬೇಕಿದ್ದ ಶಕ್ತಿ ಮೇಲಕ್ಕೆ ತಿರುಗಿ, ಸವಾರನ ಸ್ನಾಯು ಕೊಬ್ಬುಗಳನ್ನೆಲ್ಲ ಅಲುಗಾಡಿಸಿ, ಅಲ್ಲೇ ಶಾಖವಾಗಿ ಕರಗುತ್ತದೆ. ಕೈ ಜೋಮು ಹಿಡಿಯುವುದು, ಸೊಂಟ ನೋಯುವುದು ಇದರ ಲಕ್ಷಣ. ಪ್ರಯೋಗಾಲಯದಲ್ಲಿ ಉಕ್ಕಿನ ಡ್ರಮ್ಮಿನ ಮೇಲೆ ಟೈರು ಉರುಳಿಸಿ ಅಳೆಯುವಾಗ ಮೇಲೆ ಮನುಷ್ಯನೇ ಇರುವುದಿಲ್ಲ. ಹಾಗಾಗಿ ಈ ನಷ್ಟ ಬಹುಕಾಲ ಲೆಕ್ಕಕ್ಕೇ ಬರಲಿಲ್ಲ. ಅಮೆರಿಕದ ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಯಾನ್ ಹೈನ ಮತ್ತು ಸಂಗಡಿಗರು ಹೆದ್ದಾರಿಯ ಅಂಚಿನ ಉಬ್ಬುಪಟ್ಟಿಗಳ ಮೇಲೆ ನಿಜವಾದ ಸವಾರರನ್ನೇ ಓಡಿಸಿ ಅಳೆದಾಗ ಈ ನಷ್ಟದ ಗಾತ್ರ ಕಣ್ಣಿಗೆ ಬಿತ್ತು.

ಲೆಕ್ಕ ಸುಲಭ. ಒಂದು ಚಕ್ರದ ಮೇಲೆ 40 ಕಿಲೋ ಭಾರ ಬಿದ್ದಿದೆ ಎನ್ನಿ. 100 ಪಿಎಸ್‌ಐ ಗಾಳಿಯ ಟೈರು ನೆಲಕ್ಕೆ ತಾಗುವುದು 6 ಚದರ ಸೆಂ.ಮೀ.ಗೂ ಕಡಿಮೆ ಜಾಗದಲ್ಲಿ. 35 ಪಿಎಸ್‌ಐ ಇದ್ದರೆ ಸುಮಾರು 16 ಚದರ ಸೆಂ.ಮೀ. ಹಿಡಿತ ಹೆಚ್ಚು, ಸಡಿಲ ಜಲ್ಲಿಯಲ್ಲಿ ಹೂತುಕೊಳ್ಳುವುದು ಕಡಿಮೆ, ಸಣ್ಣ ಕಲ್ಲನ್ನು ಟೈರು ತನ್ನೊಳಗೇ ಅಡಗಿಸಿಕೊಳ್ಳುತ್ತದೆ. 25 ಮಿ.ಮೀ. ಟೈರಿಗೆ 35 ಪಿಎಸ್‌ಐ ಹಾಕಿದರೆ ರಿಮ್ ಕಲ್ಲಿಗೆ ಬಡಿಯುತ್ತದೆ, 45 ಮಿ.ಮೀ. ಟೈರಿನಲ್ಲಿ ಆ ಭಯ ಕಡಿಮೆ. ಅಗಲದ ಟೈರು ಕೊಡುವ ವರ ಇದೇ: ಗಾಳಿ ಇಳಿಸುವ ಸ್ವಾತಂತ್ರ್ಯ.

ಹ್ಯಾಂಡಲ್ ಮಾತ್ರ ಏಕೆ ರೇಸಿಂಗ್ ಸೈಕಲ್ಲಿನದು? ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು ಬೇಕು. ಮರದ ಬೇರುಗಳ ನಡುವೆ 12 ಕಿ.ಮೀ. ವೇಗದಲ್ಲಿ ಹೋಗುವ ಮೌಂಟನ್ ಬೈಕಿಗೆ ಇದು ಚಿಂತೆಯಲ್ಲ. ಕಾನ್ಸಸ್‌ನ ಬಯಲಿನಲ್ಲಿ 30 ಕಿ.ಮೀ. ವೇಗದಲ್ಲಿ ದಿನವಿಡೀ ಹೋಗುವವನು ಬಗ್ಗಲೇಬೇಕು.

ಡಿಸ್ಕ್ ಬ್ರೇಕ್ ಬಿಟ್ಟುಕೊಟ್ಟ ಜಾಗ

ಅಗಲದ ಟೈರು ಒಳ್ಳೆಯದೆಂದು ವೆಲೋಸಿಯೋ ಕಾಲದಲ್ಲೇ ಗೊತ್ತಿತ್ತು ಎಂದ ಮೇಲೆ, ನೂರು ವರ್ಷ ಕಾಯಬೇಕಾದದ್ದೇಕೆ? ರೇಸಿಂಗ್ ಸೈಕಲ್ಲಿನ ಬ್ರೇಕು ಟೈರನ್ನು ಮೇಲಿನಿಂದ ತಬ್ಬಿ ರಿಮ್ಮನ್ನು ಹಿಡಿಯುತ್ತದೆ. ಟೈರು ಅಗಲವಾದರೆ ಬ್ರೇಕಿನ ತೋಳು ಉದ್ದವಾಗಬೇಕು. ತೋಳು ಉದ್ದವಾದಷ್ಟೂ ಹಿಡಿತ ಸಡಿಲ. ಡಿಸ್ಕ್ ಬ್ರೇಕ್ ಈ ಕೆಲಸವನ್ನು ಚಕ್ರದ ನಡುಭಾಗಕ್ಕೆ ಒಯ್ದಿತು. ರಿಮ್ಮಿನ ಸುತ್ತಲಿನ ಜಾಗ ಖಾಲಿಯಾಯಿತು. ಯುಸಿಐ 2010ರಲ್ಲಿ ಸೈಕ್ಲೋಕ್ರಾಸಿಗೆ, 2018ರಲ್ಲಿ ರಸ್ತೆ ಸ್ಪರ್ಧೆಗೆ ಡಿಸ್ಕ್ ಬ್ರೇಕನ್ನು ಪೂರ್ತಿ ಒಪ್ಪಿತು.

ಬ್ರೇಕು ರಿಮ್ಮಿನ ಹಂಗು ಬಿಟ್ಟಿದ್ದರಿಂದ ಒಂದೇ ಫ್ರೇಮಿನಲ್ಲಿ ಎರಡು ಅಳತೆಯ ಚಕ್ರ ಹಾಕಬಹುದಾಯಿತು. 622 ಮಿ.ಮೀ. ರಿಮ್ಮಿಗೆ 28 ಮಿ.ಮೀ. ಟೈರು ಹಾಕಿದರೆ ಚಕ್ರದ ಒಟ್ಟು ವ್ಯಾಸ 678 ಮಿ.ಮೀ. ಹಳೇ ಫ್ರೆಂಚ್ 650ಬಿ ರಿಮ್ 584 ಮಿ.ಮೀ.; ಅದಕ್ಕೆ 47 ಮಿ.ಮೀ. ಟೈರು ಹಾಕಿದರೂ ಅಷ್ಟೇ, 678. ಬೆಳಿಗ್ಗೆ ಟಾರಿಗೆ ಒಂದು, ಸಂಜೆ ಮಣ್ಣಿಗೆ ಇನ್ನೊಂದು.

ಇನ್ನೆರಡು ಬಿಡಿಭಾಗಗಳು ಮೌಂಟನ್ ಬೈಕಿನಿಂದ ಬಂದವು. ಒಂದು, ಟ್ಯೂಬ್‌ಲೆಸ್ ಟೈರು. ಇದಕ್ಕೆ 1999ರಲ್ಲಿ ಮಾವಿಕ್ ಕಂಪನಿ ಒಂದು ಮಾನದಂಡ ತಂದಿತ್ತು. ಒಳಗೆ ಲೇಟೆಕ್ಸ್ ಬೆರೆತ ದ್ರವ ಸುರಿದರೆ ಸಣ್ಣ ತೂತು ಓಡುತ್ತಿರುವಾಗಲೇ ಮುಚ್ಚಿಕೊಳ್ಳುತ್ತದೆ. ಇನ್ನೊಂದು, ಕ್ಲಚ್ ಇರುವ ಡಿರೇಲರ್. ಕುಲುಕಾಟದಲ್ಲಿ ಚೈನ್ ಕುಣಿದು ಬೀಳದಂತೆ ಅದು ಬಿಗಿ ಹಿಡಿಯುತ್ತದೆ. ಈ ಮೂರರಲ್ಲಿ ಒಂದೂ ಗ್ರ್ಯಾವೆಲ್ ಸೈಕಲ್ಲಿಗೆಂದು ಹುಟ್ಟಿದ್ದಲ್ಲ. ಬೇರೆಯವರಿಗೆಂದು ಮಾಡಿದ ಭಾಗಗಳು ಒಂದೆಡೆ ಸೇರಿದಾಗ ಈ ತಳಿ ಸಾಧ್ಯವಾಯಿತು.

ಎರಡು ಡಿಗ್ರಿಯ ವ್ಯತ್ಯಾಸ

ಕೊನೆಯ ಗುಟ್ಟು ಫ್ರೇಮಿನ ಕೋನದಲ್ಲಿದೆ. ಹ್ಯಾಂಡಲ್ ತಿರುಗುವ ಅಕ್ಷವನ್ನು ಮನಸ್ಸಿನಲ್ಲೇ ನೆಲದವರೆಗೆ ಎಳೆಯಿರಿ. ಆ ಗೆರೆ ನೆಲ ಮುಟ್ಟುವ ಬಿಂದು, ಟೈರು ನೆಲ ಮುಟ್ಟುವ ಬಿಂದುವಿಗಿಂತ ಸ್ವಲ್ಪ ಮುಂದಿರುತ್ತದೆ. ಈ ಅಂತರಕ್ಕೆ ‘ಟ್ರೇಲ್’ ಎನ್ನುತ್ತಾರೆ. ಟ್ರೇಲ್ ಹೆಚ್ಚಿದ್ದರೆ ಮುಂಚಕ್ರ ತಾನಾಗಿ ನೇರಕ್ಕೆ ಬರಲು ನೋಡುತ್ತದೆ, ಕಲ್ಲು ತಾಗಿದರೂ ಪಕ್ಕಕ್ಕೆ ಎಳೆಯುವುದಿಲ್ಲ. ಕಡಿಮೆ ಇದ್ದರೆ ಹ್ಯಾಂಡಲ್ ಚುರುಕು. 73 ಡಿಗ್ರಿ ಕೋನದ ಮಾಮೂಲಿ ರೇಸಿಂಗ್ ಸೈಕಲ್ಲಿನಲ್ಲಿ ಇದು 58 ಮಿ.ಮೀ. ಆಸುಪಾಸು. ಗ್ರ್ಯಾವೆಲ್ ಸೈಕಲ್ಲಿನಲ್ಲಿ ಕೋನ 71 ಡಿಗ್ರಿಗೆ ವಾಲಿ, ಟ್ರೇಲ್ 70ರ ಹತ್ತಿರ ಬರುತ್ತದೆ. 65 ಡಿಗ್ರಿಯ ಇಂದಿನ ಮೌಂಟನ್ ಬೈಕಿನಲ್ಲಿ 120 ದಾಟುತ್ತದೆ.

ಹಾಗೆಂದು ಸೈಕಲ್ ಬೀಳದಿರುವುದಕ್ಕೆ ಟ್ರೇಲ್ ಒಂದೇ ಕಾರಣ ಎಂದುಕೊಳ್ಳಬೇಡಿ. 2011ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯಗಳ ಸಂಶೋಧಕರು ಸೇರಿ, ಟ್ರೇಲೂ ಇಲ್ಲದ, ಚಕ್ರದ ಬುಗುರಿ ಪರಿಣಾಮವೂ ಇಲ್ಲದ ಒಂದು ಪುಟ್ಟ ಸೈಕಲ್ ಮಾಡಿ ಅದು ಸವಾರನಿಲ್ಲದೆ ತಾನಾಗಿ ಸಮತೋಲ ಕಾಯುವುದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಭಾರದ ಹಂಚಿಕೆಯ ಪಾತ್ರವೂ ದೊಡ್ಡದು.

ನಮ್ಮಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಕ್ಕಿಮೂಟೆ ಹೊತ್ತ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಸೈಕಲ್ಲುಗಳ ಫೋರ್ಕನ್ನು ನೆನಪಿಸಿಕೊಳ್ಳಿ. ಅದೂ ಮುಂದಕ್ಕೆ ವಾಲಿದ್ದೇ. ಎರಡು ಚಕ್ರಗಳ ನಡುವೆ ದೂರವೂ ಹೆಚ್ಚು. ಇಂಗ್ಲಿಷ್ ರೋಡ್‌ಸ್ಟರ್ ಮಾದರಿಯ ಆ ಸೈಕಲ್ ರೂಪಗೊಂಡಿದ್ದು ಕಚ್ಚಾ ರಸ್ತೆಯ ಕಾಲದಲ್ಲಿ. ನಮ್ಮ ಹಳ್ಳಿಗಳಲ್ಲಿ ಅದು ಬಾಳಿದ್ದೂ ಕಚ್ಚಾ ರಸ್ತೆಯಲ್ಲೇ. ತೂಕ ಮತ್ತು ಬ್ರೇಕು ಬಿಟ್ಟರೆ ಅದರ ಜ್ಯಾಮಿತಿಯಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ.

ಕೊಳ್ಳುವವರಿಗೆ ಎರಡು ಮಾತು

ಈಗ ಗ್ರ್ಯಾವೆಲ್ ಸೈಕಲ್ಲೇ ಒಡೆಯುತ್ತಿದೆ. ಒಂದು ಕವಲು ರೇಸಿನದು, ಇನ್ನೊಂದು ಡೇರೆ ಚೀಲ ಹೊತ್ತು ವಾರಗಟ್ಟಲೆ ತಿರುಗುವವರದು, ಮತ್ತೊಂದಕ್ಕೆ ಮುಂದೆ ಸಸ್ಪೆನ್ಷನ್ ಫೋರ್ಕೂ ಬಂದಿದೆ. ಇತ್ತೀಚೆಗೆ ಕಾನ್ಸಸ್‌ನ ಕೆಲವು ಸ್ಪರ್ಧಿಗಳು ಮೌಂಟನ್ ಬೈಕಿನ 2 ಇಂಚು ಮೀರಿದ ಟೈರನ್ನೇ ಇದಕ್ಕೆ ಹಾಕಿ ಓಡಿದ್ದಾರೆ. ಕಂಪನಿಗಳಿಗೆ ಹೊಸ ಹೆಸರೆಂದರೆ ಹೊಸ ಗಿರಾಕಿ. ಈ ಒಡೆಯಾಟದಲ್ಲಿ ಎಲ್ಲವೂ ನೆಲದ ಬೇಡಿಕೆಯಲ್ಲ, ಒಂದಷ್ಟು ಜಾಹೀರಾತಿನದ್ದೂ ಹೌದು.

ಹಾಗಾಗಿ ಹೆಸರು ಬದಿಗಿಟ್ಟು ನಿಮ್ಮ ದಾರಿ ನೋಡಿ. ಅರ್ಧ ಟಾರು, ಅರ್ಧ ಗುಂಡಿ, ಕೊನೆಗೆ ನಾಲೆ ದಂಡೆಯೋ ತೋಟದ ಹಾದಿಯೋ ಇದ್ದರೆ ನಿಮಗೆ ಬೇಕಾದದ್ದು 40 ಮಿ.ಮೀ. ಟೈರು ಕೂತ ಮೇಲೂ ಪಕ್ಕದಲ್ಲಿ ಬೆರಳು ತೂರುವಷ್ಟು ಜಾಗ ಉಳಿಯುವ ಫ್ರೇಮು ಮತ್ತು ನಂಬಬಹುದಾದ ಬ್ರೇಕು. ಅಗ್ಗದ ಸೈಕಲ್ಲಿನ ಸ್ಪ್ರಿಂಗ್ ಫೋರ್ಕಿಗೆ ಮರುಳಾಗಬೇಡಿ. ಅದು ತೂಕ ಕೂಡಿಸುತ್ತದೆ, ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಶಕ್ತಿಯನ್ನೇ ತಿನ್ನುತ್ತದೆ. ಸರಿಯಾದ ಗಾಳಿಯ ಅಗಲ ಟೈರು ಆ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ. ಟೈರಿನ ಪಕ್ಕೆಯಲ್ಲಿ ‘40-622’ ಎಂಬಂಥ ಅಚ್ಚು ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಮಿ.ಮೀ.ಗಳಲ್ಲಿ. 28 ಇಂಚು ಎಂದು ಕರೆಸಿಕೊಳ್ಳುವ ನಮ್ಮ ಹಳೇ ಸೈಕಲ್ಲಿನದು 635, ರೇಸಿಂಗ್ ಸೈಕಲ್ಲಿನದು 622, ಒಂದಕ್ಕೊಂದು ಕೂರುವುದಿಲ್ಲ. ಇಂಚಿನ ಹೆಸರು ಮೋಸ ಮಾಡಬಹುದು, ಈ ಅಂಕಿ ಮಾಡುವುದಿಲ್ಲ. ಅಂಗಡಿಯವರು ಯಾವ ಹೆಸರಿಟ್ಟು ಮಾರಿದರೂ ಸರಿ, ಮೊದಲು ಆ ಅಂಕಿ ಓದಿ, ಆಮೇಲೆ ಬೆಲೆ ಕೇಳಿ.